ಹೊಟ್ಟೆಯ ಬೈಪಾಸ್ ಆದ ಅಮ್ಮನಿಗೆ ಪಿತ್ತನಾಳದಲ್ಲಿ ಕಲ್ಲು. ಇಆರ್‌ಸಿಪಿ ಮಾಡಲು ಆಗಲಿಲ್ಲ ಅಂದರು. ಮುಂದೇನು?

ಹಿರಿಮಗಳು ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಕೆಲವು ವರ್ಷಗಳ ಹಿಂದೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡಿದ್ದರು. ತೂಕ ಇಳಿಯಿತು, ಶುಗರ್ ಹತೋಟಿಗೆ ಬಂತು, ಮಂಡಿ ನೋವೂ ಕಡಿಮೆಯಾಯಿತು. ಆರಾಮವಾಗಿದ್ದರು.

ಈಗ ಸ್ವಲ್ಪ ದಿನದಿಂದ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದು ಹೋಗುತ್ತಿತ್ತು. ಆಮೇಲೆ ಕಣ್ಣು ಹಳದಿಯಾಯಿತು, ಮೂತ್ರ ಕಡು ಬಣ್ಣಕ್ಕೆ ತಿರುಗಿತು. ಎಂಆರ್‌ಸಿಪಿ (ಪಿತ್ತನಾಳ ತೋರಿಸುವ ಎಂಆರ್‌ಐ) ಸ್ಕ್ಯಾನ್‌ನಲ್ಲಿ ಪಿತ್ತನಾಳದಲ್ಲಿ 9 ಮಿ.ಮೀ. ಕಲ್ಲು ಕಾಣಿಸಿದೆ. ಇಆರ್‌ಸಿಪಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಪೈಪ್ (ಸ್ಕೋಪ್) ಇಳಿಸಿ ಪಿತ್ತನಾಳಕ್ಕೆ ಹೋಗುವುದು, ಅದನ್ನು ಮಾಡಿ ತೆಗೆದುಬಿಡೋಣ, ಮಾರನೇ ದಿನ ಮನೆಗೆ ಹೋಗಬಹುದು ಅಂದರು. ಬೈಪಾಸ್ ಆಗಿದೆ ಅಂತ ನಾವು ಮೊದಲೇ ಹೇಳಿದ್ದೆವು. ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆಗೂ ಜಾಸ್ತಿ ಹೊತ್ತು ಪ್ರಯತ್ನ ಪಟ್ಟು, ಹೊರಗೆ ಬಂದು "ಜಾಗ ತಲುಪಲು ಆಗಲಿಲ್ಲ" ಅಂದರು. ಯಾಕೆ ಅಂತ ಬಿಡಿಸಿ ಹೇಳಲಿಲ್ಲ.

ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಮೂರು ದಾರಿ ಹೇಳಿದರು. ಬಲೂನ್ ಇರುವ ಉದ್ದ ಸ್ಕೋಪ್, ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಶನ್) ಜೊತೆ ಇಆರ್‌ಸಿಪಿ, ಇಲ್ಲವೇ ಒಳಗಿನಿಂದಲೇ ಸ್ಟೆಂಟ್ ಅನ್ನುವ ಸಣ್ಣ ನಳಿಕೆ ಇಟ್ಟು ಹಳೇ ಹೊಟ್ಟೆಗೆ ದಾರಿ ಮಾಡುವುದು. ಯೋಚನೆ ಮಾಡಿ ಬನ್ನಿ ಅಂದಿದ್ದಾರೆ. ನಮಗೆ ಯಾವುದರ ಬಗ್ಗೆ ಏನು ಯೋಚನೆ ಮಾಡಬೇಕು ಅಂತಲೇ ಗೊತ್ತಿಲ್ಲ. ಅಮ್ಮನಂತೂ ಇನ್ನೊಂದು ಸಲ ಗಂಟಲಿಗೆ ಪೈಪ್ ಹಾಕಿಸಿಕೊಳ್ಳುವುದಿಲ್ಲ ಅಂತ ಕೂತಿದ್ದಾರೆ. ಮೊದಲ ಸಲ ಯಾಕೆ ಆಗಲಿಲ್ಲ? ಮೂರರಲ್ಲಿ ಯಾವುದು ಸರಿ? ಗೊತ್ತಿರುವವರು ದಯವಿಟ್ಟು ಹೇಳಿ.

ಸ್ಕೋಪ್‌ರೂಮ್_ಸಿಸ್ಟರ್ ಬರೆದಿದ್ದಾರೆ:

ಎಂಡೋಸ್ಕೋಪಿ ರೂಮಿನಲ್ಲಿ ತುಂಬಾ ವರ್ಷದಿಂದ ಕೆಲಸ ಮಾಡುವ ನರ್ಸ್ ನಾನು. ಡಾಕ್ಟರ್ ಅಲ್ಲ. ನಿಮ್ಮ ಅಮ್ಮನಿಗೆ ಯಾವುದು ಅಂತ ತೀರ್ಮಾನ ಮಾಡುವವರು ಅವರನ್ನು ನೋಡಿದ ಡಾಕ್ಟರೇ. ಆದರೆ ಒಳಗೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಅದನ್ನು ಹೇಳಿದರೆ ಡಾಕ್ಟರ ಹತ್ತಿರ ಕೂತು ಮಾತಾಡುವುದು ನಿಮಗೆ ಸುಲಭವಾಗುತ್ತದೆ.

ಮೊದಲಿಗೆ ಮಾಮೂಲಿ ಹೊಟ್ಟೆಯ ವಿಷಯ. ಪಿತ್ತನಾಳ ಬಂದು ಸೇರುವುದು ಡುವೋಡಿನಮ್ ಅಂತೀವಲ್ಲ, ಸಣ್ಣ ಕರುಳಿನ ಮೊದಲ ಭಾಗ, ಅದಕ್ಕೆ. ಅಲ್ಲಿ ಒಂದು ಸಣ್ಣ ಮೊಲೆತೊಟ್ಟಿನಂಥ ಉಬ್ಬು ಇರುತ್ತದೆ. ಪ್ಯಾಪಿಲ್ಲಾ ಅಂತ ಅದರ ಹೆಸರು. ಬಾಯಿಯಿಂದ ಅನ್ನನಾಳ, ಹೊಟ್ಟೆ, ಅದನ್ನು ದಾಟಿದರೆ ಪ್ಯಾಪಿಲ್ಲಾ. ಇಆರ್‌ಸಿಪಿ ಸ್ಕೋಪ್‌ನ ಉದ್ದ ಸುಮಾರು 125 ಸೆಂ.ಮೀ. ಅದರ ಕ್ಯಾಮೆರಾ ಮುಂದೆ ನೋಡುವುದಿಲ್ಲ, ಪಕ್ಕಕ್ಕೆ ನೋಡುತ್ತದೆ, ಯಾಕೆಂದರೆ ಪ್ಯಾಪಿಲ್ಲಾ ಇರುವುದು ಕರುಳಿನ ಪಕ್ಕದ ಗೋಡೆಯಲ್ಲಿ. ತಂತಿಯನ್ನು ಎತ್ತಿ ನಾಳದ ಬಾಯಿಗೆ ಸರಿಯಾಗಿ ಕೂರಿಸಲು ತುದಿಯಲ್ಲಿ ಒಂದು ಸಣ್ಣ ಸನ್ನೆಕೋಲು ಕೂಡ ಇರುತ್ತದೆ. ಇಡೀ ಸಾಮಾನೇ ಈ ಒಂದು ಕೆಲಸಕ್ಕೆ ಮಾಡಿದ್ದು.

ಬೈಪಾಸ್‌ನಲ್ಲಿ ಏನು ಮಾಡುತ್ತಾರೆ? ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಚಿಕ್ಕ ಚೀಲ ಬಿಟ್ಟು ಉಳಿದ ದೊಡ್ಡ ಭಾಗವನ್ನು ಬೇರೆ ಮಾಡುತ್ತಾರೆ. ಸಣ್ಣ ಕರುಳನ್ನು ಕತ್ತರಿಸಿ, ಕೆಳಗಿನ ತುದಿಯನ್ನು ಎತ್ತಿ ಆ ಚೀಲಕ್ಕೆ ಹೊಲಿಯುತ್ತಾರೆ. ಆಹಾರ ಹೋಗುವುದು ಈ ಕರುಳಲ್ಲಿ. ರೂ ಲಿಂಬ್ ಅನ್ನುತ್ತಾರೆ. ಸಾಮಾನ್ಯವಾಗಿ 100ರಿಂದ 150 ಸೆಂ.ಮೀ. ಇರುತ್ತದೆ. ಮೇಲಿನ ತುದಿ, ಅಂದರೆ ಡುವೋಡಿನಮ್ ಕಡೆಯಿಂದ ಪಿತ್ತ ಹೊತ್ತು ತರುವ ಕರುಳು, ಕೆಳಗೆ ಬಂದು ಇದರ ಪಕ್ಕಕ್ಕೆ ಸೇರುತ್ತದೆ. ಹಳೇ ಹೊಟ್ಟೆಯನ್ನು ತೆಗೆದು ಹಾಕುವುದಿಲ್ಲ. ಅದು ಒಳಗೇ ಇರುತ್ತದೆ. ಬಾಯಿಯ ಕಡೆಯಿಂದ ಮಾತ್ರ ಅದಕ್ಕೆ ದಾರಿ ಇರುವುದಿಲ್ಲ.

ಈಗ ಲೆಕ್ಕ ಹಾಕಿ. ಹಲ್ಲಿನಿಂದ ಹೊಟ್ಟೆಯ ಬಾಯಿಗೇ ಸುಮಾರು 40 ಸೆಂ.ಮೀ. ಅಲ್ಲಿಂದ ರೂ ಲಿಂಬ್ ಇಳಿಯಬೇಕು. ಜೋಡಣೆ ಹತ್ತಿರ ತಿರುಗಿ, ಪಿತ್ತ ಬರುವ ಕರುಳಲ್ಲಿ ಹಿಂದಕ್ಕೆ ಹತ್ತಬೇಕು. ಆಮೇಲೆ ಡುವೋಡಿನಮ್ ಒಳಗೆ ಇನ್ನಷ್ಟು ದೂರ. ಎರಡು ಮೀಟರ್ ದಾಟಿ ಹೋಗುತ್ತದೆ. 125 ಸೆಂ.ಮೀ. ಸ್ಕೋಪ್ ಅಲ್ಲಿಗೆ ಎಟುಕುವುದಿಲ್ಲ. ನಿಮ್ಮ ಅಮ್ಮನಿಗೆ ಯಾವ ಸ್ಕೋಪ್ ಹಾಕಿದ್ದರು ಅಂತ ಗೊತ್ತಿಲ್ಲ. ರಿಪೋರ್ಟ್ ಕೇಳಿ ಪಡೆಯಿರಿ. ಎಲ್ಲಿಯವರೆಗೆ ಹೋಯಿತು, ಯಾಕೆ ನಿಂತಿತು ಅಂತ ಅದರಲ್ಲಿ ಬರೆದಿರುತ್ತಾರೆ. ಮುಂದೆ ಮಾಡುವವರಿಗೆ ಅದು ಬಹಳ ಮುಖ್ಯ.

ಬಲೂನ್ ಸ್ಕೋಪ್ ಇರುವುದು ಈ ದೂರಕ್ಕಾಗಿಯೇ. ಜಪಾನಿನ ಡಾ. ಹಿರೊನೊರಿ ಯಮಮೊಟೊ ಅವರು 2001ರಲ್ಲಿ ಎರಡು ಬಲೂನಿನ ಸ್ಕೋಪ್ ಬಗ್ಗೆ ವರದಿ ಮಾಡಿದರು. ಆಮೇಲೆ ಒಂದೇ ಬಲೂನಿನದೂ ಬಂತು. ಬಲೂನ್ ಊದಿ ಕರುಳಿನ ಗೋಡೆ ಹಿಡಿದುಕೊಂಡು, ಹಿಂದಕ್ಕೆ ಎಳೆದಾಗ ಕರುಳು ಹೊರಗಿನ ಟ್ಯೂಬ್ ಮೇಲೆ ಮಡಿಕೆ ಮಡಿಕೆಯಾಗಿ ಸೇರಿಕೊಳ್ಳುತ್ತದೆ. ಪೈಜಾಮಕ್ಕೆ ಲಾಡಿ ಪೋಣಿಸುವಾಗ ಪಿನ್ನಿನ ಮೇಲೆ ಬಟ್ಟೆ ನೆರಿಗೆ ಕಟ್ಟುತ್ತದಲ್ಲ, ಹಾಗೆ. ಹೀಗೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತಾರೆ.

ಕಷ್ಟ ಶುರುವಾಗುವುದು ಜೋಡಣೆ ಹತ್ತಿರ. ಹೊಲಿಗೆಯ ಗುರುತು ಕಾಣುತ್ತದೆ, ಎದುರಿಗೆ ಎರಡು ಬಾಯಿ, ಕೆಲವೊಮ್ಮೆ ಮೂರು. ಒಂದು ಕೆಳಗೆ ದೊಡ್ಡ ಕರುಳಿನ ಕಡೆ ಹೋಗುವುದು. ಇನ್ನೊಂದು ನಮಗೆ ಬೇಕಾದ್ದು, ಅದು ಸಾಮಾನ್ಯವಾಗಿ ಹೊಲಿಗೆ ದಾಟಿ ಚೂಪಾಗಿ ತಿರುಗಬೇಕಾದ ಕಡೆ ಇರುತ್ತದೆ. ಸುಲಭವಾಗಿ ಜಾರಿಕೊಂಡು ಹೋಗುವ ಬಾಯಿ ಬಹಳ ಸಲ ತಪ್ಪು ದಾರಿಯೇ. ಯಾವ ಕಡೆಯಿಂದ ಪಿತ್ತ ಜಾಸ್ತಿ ಬರುತ್ತಿದೆ ಅಂತ ನೋಡುತ್ತಾರೆ. ಎಕ್ಸ್‌ರೇ ಪರದೆಯಲ್ಲಿ ಸ್ಕೋಪ್‌ನ ತುದಿ ಲಿವರ್ ಕಡೆ ಏರುತ್ತಿದೆಯೋ, ಕೆಳಗೆ ಸೊಂಟದ ಕಡೆ ಇಳಿಯುತ್ತಿದೆಯೋ ಅಂತ ನೋಡುತ್ತಾರೆ. ತಿರುವಿನಲ್ಲಿ ಸ್ಕೋಪ್ ಸುತ್ತಿಕೊಂಡು ಹೊಟ್ಟೆಯೊಳಗೆ ಉಬ್ಬಿದರೆ, ನಾನು ಹೊರಗಿನಿಂದ ಎರಡೂ ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿಯುತ್ತೇನೆ. ಎಷ್ಟೋ ಸಲ ಆ ಒತ್ತಿಗೇ ತುದಿ ಒಂದು ಗೇಣು ಮುಂದೆ ಹೋಗುವುದನ್ನು ನೋಡಿದ್ದೇನೆ. ಬೇರೆ ಬಾಯಿಗೆ ಹೋಗಿ ವಾಪಸ್ ಬಂದರೆ ಅಲ್ಲಿ ಶಾಯಿ ಚುಚ್ಚಿ ಗುರುತು ಮಾಡುತ್ತಾರೆ, ಮತ್ತೆ ಅದೇ ದಾರಿ ಹಿಡಿಯದಿರಲಿ ಅಂತ.

ಪ್ಯಾಪಿಲ್ಲಾ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗಲೂ ಮುಗಿಯಲಿಲ್ಲ. ಈಗ ನಾವು ಕೆಳಗಿನಿಂದ ಬಂದಿದ್ದೇವೆ, ಎಲ್ಲವೂ ತಲೆಕೆಳಗು. ಮಾಮೂಲಿಯಾಗಿ ಗಡಿಯಾರದ 11 ಗಂಟೆ ದಿಕ್ಕಿಗೆ ಇರುವ ಪಿತ್ತನಾಳ ಈಗ 5 ಗಂಟೆ ದಿಕ್ಕಿಗೆ. ಕ್ಯಾಮೆರಾ ಮುಂದೆ ನೋಡುವುದು, ಎತ್ತುವ ಸನ್ನೆಕೋಲು ಇಲ್ಲ. ಉದ್ದ ಮಾದರಿ ಸ್ಕೋಪ್ 200 ಸೆಂ.ಮೀ. ಇರುವುದರಿಂದ ಮಾಮೂಲಿ ಇಆರ್‌ಸಿಪಿ ತಂತಿ, ಕಲ್ಲು ಹಿಡಿಯುವ ಬ್ಯಾಸ್ಕೆಟ್ ಸಾಲುವುದಿಲ್ಲ, ಉದ್ದದ್ದೇ ತರಿಸಬೇಕು. ಒಳಗಿನ ಚಾನಲ್ 2.8ರಿಂದ 3.2 ಮಿ.ಮೀ. ಮಾತ್ರ, ಅದರಲ್ಲಿ ದಪ್ಪ ಸಾಮಾನು ಇಳಿಯುವುದಿಲ್ಲ. ಇಷ್ಟೆಲ್ಲ ಇರುವುದರಿಂದ ಬೈಪಾಸ್ ಆದವರಲ್ಲಿ ಬಲೂನ್ ಸ್ಕೋಪ್‌ನಿಂದ ಕೆಲಸ ಪೂರ್ತಿಯಾಗುವುದು ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರಿಗೆ. ಮೊದಲ ಸಲ ಆಗಲಿಲ್ಲ ಅಂದರೆ ಅಮ್ಮನ ದೇಹದಲ್ಲಿ ಏನೋ ಕೆಟ್ಟದ್ದಿದೆ ಅಂತ ಅರ್ಥ ಅಲ್ಲ. ಇದನ್ನು ಅವರಿಗೆ ಖಂಡಿತ ಹೇಳಿ.

ಲ್ಯಾಪ್ರೋಸ್ಕೋಪಿ ಜೊತೆ ಮಾಡುವುದು ನನಗೆ ತುಂಬಾ ಇಷ್ಟವಾದ ದಾರಿ, ಸುಮ್ನೆ ಹೇಳುತ್ತಿಲ್ಲ. ಸರ್ಜನ್ ಹೊಟ್ಟೆಯ ಎಡಗಡೆ ಮೇಲ್ಭಾಗದಲ್ಲಿ 15 ಮಿ.ಮೀ. ಪೋರ್ಟ್ (ಸಾಮಾನು ಇಳಿಸುವ ನಳಿಕೆ) ಹಾಕಿ ಅದನ್ನು ನೇರ ಹಳೇ ಹೊಟ್ಟೆಯೊಳಗೆ ಇಳಿಸುತ್ತಾರೆ. ಅದರ ಮೂಲಕ ಮಾಮೂಲಿ ಇಆರ್‌ಸಿಪಿ ಸ್ಕೋಪ್. ಪ್ಯಾಪಿಲ್ಲಾ ಸರಿಯಾದ ದಿಕ್ಕಿನಲ್ಲಿ, ಕೈಗೆ ಒಗ್ಗಿದ ಸಾಮಾನಿನಲ್ಲಿ ಸಿಗುತ್ತದೆ. ನೂರಕ್ಕೆ ತೊಂಬತ್ತೈದಕ್ಕೂ ಜಾಸ್ತಿ ಜನರಲ್ಲಿ ಯಶಸ್ವಿಯಾಗುತ್ತದೆ. ಆದರೆ ಇದು ಆಪರೇಶನ್. ಪೂರ್ತಿ ಅರಿವಳಿಕೆ ಬೇಕು, ಗಾಯ ಮಾಯಬೇಕು, ಸರ್ಜನ್ ಮತ್ತು ಎಂಡೋಸ್ಕೋಪಿ ಡಾಕ್ಟರ್ ಒಂದೇ ಹೊತ್ತಿಗೆ ಸಿಗಬೇಕು.

ಮೂರನೆಯದು ಇತ್ತೀಚಿನದು, 2014ರ ಸುಮಾರಿಗೆ ಶುರುವಾಗಿದ್ದು. ಎಡ್ಜ್ ಅಂತ ಕರೆಯುತ್ತಾರೆ. ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಸ್ಕೋಪ್ ಹಾಕಿ, ಚಿಕ್ಕ ಚೀಲದ ಗೋಡೆಯ ಆಚೆ ಇರುವ ಹಳೇ ಹೊಟ್ಟೆಯನ್ನು ಹುಡುಕುತ್ತಾರೆ. ಸೂಜಿ ಚುಚ್ಚಿ ನೀರು ತುಂಬಿಸಿ ಅದನ್ನು ಉಬ್ಬಿಸಿ, ಎರಡರ ಮಧ್ಯೆ ಒಂದು ಲೋಹದ ಸ್ಟೆಂಟ್ ಇಡುತ್ತಾರೆ. ಅಗಲ 15 ಅಥವಾ 20 ಮಿ.ಮೀ. ಅದೇ ಹೊಸ ಬಾಗಿಲು. ತುರ್ತು ಇಲ್ಲದಿದ್ದರೆ ಕೆಲವು ವಾರ ಬಿಟ್ಟು, ದಾರಿ ಗಟ್ಟಿಯಾದ ಮೇಲೆ ಅದರೊಳಗಿಂದ ಇಆರ್‌ಸಿಪಿ ಮಾಡುತ್ತಾರೆ. ಬೇಗ ಹೋದರೆ ಸ್ಟೆಂಟ್ ಜಾರುವ ಭಯ. ಕೆಲಸ ಮುಗಿದ ಮೇಲೆ ಸ್ಟೆಂಟ್ ತೆಗೆದು, ಆ ತೂತು ಮುಚ್ಚಿದೆಯಾ ಅಂತ ನೋಡಲೇಬೇಕು. ಮುಚ್ಚದಿದ್ದರೆ ಆಹಾರ ಹಳೇ ಹೊಟ್ಟೆಗೆ ಹೋಗಿ ಮತ್ತೆ ತೂಕ ಏರಬಹುದು.

ಇನ್ನು ಎರಡು ವಿಷಯ ಹೇಳಿ, ಆಮೇಲೆ ಮುಂದೆ ಮಾತಾಡೋಣ. ಬೈಪಾಸ್ ಮಾಡಿದ ಸರ್ಜನ್ನರ ಆಪರೇಶನ್ ನೋಟ್ ಇದೆಯಾ? ಡಿಸ್ಚಾರ್ಜ್ ಸಮ್ಮರಿ ಅಲ್ಲ, ಆಪರೇಶನ್ ನೋಟ್. ಅದರಲ್ಲಿ ಎರಡೂ ಕರುಳಿನ ಉದ್ದ ಬರೆದಿರುತ್ತದೆ. ಮತ್ತೆ, ಅಮ್ಮನ ಪಿತ್ತಕೋಶ ಇನ್ನೂ ಇದೆಯಾ?

ಜ್ವರ ಬಂದರೆ, ನಡುಕ ಬಂದರೆ, ಮಂಪರು ಅನಿಸಿದರೆ ಇದ್ಯಾವುದಕ್ಕೂ ಕಾಯಬೇಡಿ. ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ನೋವು, ಹಳದಿ, ಜ್ವರ ಮೂರೂ ಸೇರಿದರೆ ಪಿತ್ತನಾಳದಲ್ಲಿ ಸೋಂಕು ಅಂತ ಅನುಮಾನಿಸಬೇಕು. ಆಗ ಲಿವರ್ ಮೂಲಕ ಚರ್ಮದಿಂದಲೇ ನಳಿಕೆ ಹಾಕಿಯಾದರೂ ಪಿತ್ತ ಹೊರಗೆ ಹರಿಸುತ್ತಾರೆ. ಕಲ್ಲಿನ ವಿಚಾರ ಆಮೇಲೆ.

ವಿಪಲ್_ಆದವನು ಬರೆದಿದ್ದಾರೆ:

ಸಿಸ್ಟರ್ ಬರೆದಿದ್ದು ಓದಿ ನನಗೂ ಈಗ ಅರ್ಥವಾಯಿತು, ನನಗೆ ಯಾಕೆ ಅಷ್ಟು ಹೊತ್ತು ಹಿಡಿಯಿತು ಅಂತ.

ನನ್ನದು ಬೈಪಾಸ್ ಅಲ್ಲ, ವಿಪಲ್ ಆಪರೇಶನ್. ಪ್ಯಾಂಕ್ರಿಯಾಸ್‌ನ (ಮೇದೋಜ್ಜೀರಕ ಗ್ರಂಥಿಯ) ತಲೆಭಾಗ, ಡುವೋಡಿನಮ್ ಎರಡೂ ತೆಗೆದಿದ್ದಾರೆ. ಅಂದರೆ ಪ್ಯಾಪಿಲ್ಲಾನೇ ಇಲ್ಲ. ಪಿತ್ತನಾಳವನ್ನು ನೇರ ಕರುಳಿಗೆ ಹೊಲಿದಿದ್ದಾರೆ. ಆ ಹೊಲಿಗೆ ಜಾಗ ಕಾಲಕ್ರಮೇಣ ಬಿಗಿಯಾಗಿ ಪದೇ ಪದೇ ಚಳಿಜ್ವರ ಬರುತ್ತಿತ್ತು. ಬಲೂನ್ ಸ್ಕೋಪ್ ಹಾಕಿ, ಕರುಳಿನ ಮಡಿಕೆಗಳ ಮಧ್ಯೆ ಆ ಸಣ್ಣ ತೂತು ಹುಡುಕಿ, ಅದನ್ನು ಬಲೂನ್‌ನಿಂದ ಹಿಗ್ಗಿಸಿದರು. ನನಗೆ ಹಾಕಿದ್ದು ಚಿಕ್ಕ ಮಾದರಿ, ಒಂದೂವರೆ ಮೀಟರ್ ಆಸುಪಾಸು ಅಂದರು.

ಹಿರಿಮಗಳು ಅವರೇ, ನಾನು ಹೇಳಬೇಕಾದ್ದು ಒಂದೇ. ಅಮ್ಮನ ಭಯ ನಿಜವಾದದ್ದು. ಅದನ್ನು ಅರಿವಳಿಕೆ ಡಾಕ್ಟರಿಗೆ ನೇರವಾಗಿ ಹೇಳಿ. ನಾನು ಮೊದಲ ಸಲ ಅರೆ ನಿದ್ದೆಯಲ್ಲಿ ಮಾಡಿಸಿಕೊಂಡೆ, ತುಂಬಾ ಒದ್ದಾಡಿದೆ. ಮುಂದಿನ ಸಲ ಪೂರ್ತಿ ಅರಿವಳಿಕೆ ಕೊಟ್ಟರು. ಎದ್ದಾಗ ಗಂಟಲು ಸ್ವಲ್ಪ ಕೆರೆಯುತ್ತಿತ್ತು, ಅಷ್ಟೇ. ಹೊಟ್ಟೆ ಉಬ್ಬರವೂ ಬೇಗ ಇಳಿಯಿತು. ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಿಡುತ್ತೇವೆ, ಅದನ್ನು ಮೈ ಬೇಗ ಹೀರಿಕೊಳ್ಳುತ್ತದೆ ಅಂತ ಡಾಕ್ಟರ್ ಹೇಳಿದ್ದರು.

ಅಪ್ಪನ_ಮಗ ಬರೆದಿದ್ದಾರೆ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಅಪ್ಪನಿಗೆ ಬಹಳ ಹಿಂದೆ ಅಲ್ಸರ್‌ಗೆ ಅರ್ಧ ಹೊಟ್ಟೆ ತೆಗೆದಿದ್ದಾರೆ. ಬಿಲ್‌ರೋತ್ 2 ಅಂತ ಬರೆದಿದೆ. ಅವರಿಗೂ ಇಷ್ಟೇ ಕಷ್ಟವಾ?

ಸ್ಕೋಪ್‌ರೂಮ್_ಸಿಸ್ಟರ್ ಬರೆದಿದ್ದಾರೆ:

ಇಲ್ಲ, ದೂರ ಅಷ್ಟಿರುವುದಿಲ್ಲ. ಬಿಲ್‌ರೋತ್ 2ರಲ್ಲಿ ಉಳಿದ ಹೊಟ್ಟೆಗೆ ಕರುಳಿನ ಪಕ್ಕವನ್ನೇ ಹೊಲಿದಿರುತ್ತಾರೆ. ಅಲ್ಲೇ ಎರಡು ಬಾಯಿ ಕಾಣುತ್ತದೆ, ಪಿತ್ತ ಬರುವ ಕರುಳು ಹಿಡಿದು ಹತ್ತಿದರೆ ಪ್ಯಾಪಿಲ್ಲಾ. ಬಹಳಷ್ಟು ಜನರಿಗೆ ಮಾಮೂಲಿ ಸ್ಕೋಪ್‌ನಲ್ಲೇ ಆಗುತ್ತದೆ. ಆದರೆ ತಲೆಕೆಳಗು ಅನ್ನುವುದು ಅಲ್ಲೂ ಇದೆ. ಆ ಕರುಳು ತಿರುಗುವ ಜಾಗದಲ್ಲಿ ಹರಿದುಹೋಗುವ ಅಪಾಯವೂ ಇದೆ, ಅದಕ್ಕೇ ಕೆಲವರು ಮುಂದೆ ನೋಡುವ ಸ್ಕೋಪ್ ಹಾಕಿ ನಿಧಾನವಾಗಿ ಹೋಗುತ್ತಾರೆ. ಅಪ್ಪನ ಆ ಹಳೇ ಕಾಗದ ಜೋಪಾನವಾಗಿಡಿ ಸರ್. ಅದರದೊಂದು ಫೋಟೋ ಮನೆಯವರೆಲ್ಲರ ಫೋನಿನಲ್ಲಿ ಇರಲಿ.

ತೂಕಕ್ಕೆ ಸ್ಲೀವ್ ಆಪರೇಶನ್ ಆದವರು ಯಾರಾದರೂ ಓದುತ್ತಿದ್ದರೆ, ಗಾಬರಿಯಾಗಬೇಡಿ. ಅದರಲ್ಲಿ ಹೊಟ್ಟೆ ಸಪೂರವಾಗುತ್ತದೆ, ದಾರಿ ಬದಲಾಗುವುದಿಲ್ಲ.

ಹಿರಿಮಗಳು ಬರೆದಿದ್ದಾರೆ:

ಸಿಸ್ಟರ್, ಆಪರೇಶನ್ ನೋಟ್ ಸಿಕ್ಕಿತು! ಹಳೇ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಅರ್ಜಿ ಕೊಟ್ಟು ತೆಗೆಸಿದೆವು. ರೂ ಲಿಂಬ್ 120 ಸೆಂ.ಮೀ., ಬಿಲಿಯೋ ಪ್ಯಾಂಕ್ರಿಯಾಟಿಕ್ ಲಿಂಬ್ (ಪಿತ್ತ ಬರುವ ಕರುಳು) 60 ಸೆಂ.ಮೀ. ಅಂತ ಬರೆದಿದೆ. ಪಿತ್ತಕೋಶ ಇದೆ, ಅದರಲ್ಲೂ ಸಣ್ಣ ಸಣ್ಣ ಕಲ್ಲುಗಳಿವೆ. ಮೊದಲ ಸಲದ ರಿಪೋರ್ಟ್‌ನಲ್ಲಿ ರೂ ಲಿಂಬ್‌ನ ಮಧ್ಯದವರೆಗೆ ಹೋಗಿ ಸ್ಕೋಪ್ ಮುಗಿಯಿತು ಅಂತಿದೆ. ಜೋಡಣೆಯವರೆಗೂ ಹೋಗಿಲ್ಲ. ಜ್ವರ ಇಲ್ಲ, ನಿನ್ನೆಯ ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್ (ಜಾಂಡೀಸ್‌ನ ಹಳದಿ ಅಂಶ) ಸ್ವಲ್ಪ ಇಳಿದಿದೆ.

ನಮ್ಮ ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ಕೂಡ ತೆಗೆದುಕೊಳ್ಳುತ್ತಾರೆ. ಅದನ್ನು ನಿಲ್ಲಿಸಬೇಕಾ?

ಸ್ಕೋಪ್‌ರೂಮ್_ಸಿಸ್ಟರ್ ಬರೆದಿದ್ದಾರೆ:

ಒಳ್ಳೇ ಕೆಲಸ ಮಾಡಿದಿರಿ. ಈ ಒಂದು ಹಾಳೆಯಿಂದ ಡಾಕ್ಟರಿಗೆ ಎಷ್ಟು ಸಹಾಯ ಗೊತ್ತಾ.

120 ಮತ್ತು 60 ಸೇರಿ 180. ಎರಡೂ ಸೇರಿ 150 ಸೆಂ.ಮೀ.ಗಿಂತ ಕಡಿಮೆ ಇದ್ದವರಲ್ಲಿ ಬಲೂನ್ ಸ್ಕೋಪ್ ತಲುಪುವ ಸಾಧ್ಯತೆ ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ಆದಂತೆ ಕಡಿಮೆಯಾಗುತ್ತದೆ. 180ಕ್ಕೆ ಆಗುವುದೇ ಇಲ್ಲ ಅಂತಲ್ಲ. ಆದರೆ ಅಮ್ಮ ಈಗಾಗಲೇ ಒಂದು ಸಲ ಸೋತು ಬಂದಿದ್ದಾರೆ, ಇನ್ನೊಂದು ಸಲ ಆಗಲಿಲ್ಲ ಅನ್ನಿಸಿಕೊಳ್ಳುವುದು ಬೇಡ ಅಂತ ನನ್ನ ಮನಸ್ಸು.

ಎಲ್ಲಕ್ಕಿಂತ ದೊಡ್ಡ ವಿಷಯ ಪಿತ್ತಕೋಶ. ಕಲ್ಲು ಬಂದಿದ್ದೇ ಅಲ್ಲಿಂದ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಜಾಸ್ತಿ, ಅದಕ್ಕೇ ಬೈಪಾಸ್ ಆದ ಮೇಲೆ ಬಹಳ ಜನರಿಗೆ ಆರು ತಿಂಗಳು ಅರ್ಸೊಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ಪಿತ್ತನಾಳದ ಕಲ್ಲೊಂದನ್ನೇ ತೆಗೆದು ಪಿತ್ತಕೋಶ ಬಿಟ್ಟರೆ ಮತ್ತೊಂದು ಜಾರಬಹುದು. ಹೇಗಿದ್ದರೂ ಅದನ್ನು ತೆಗೆಯಲು ಲ್ಯಾಪ್ರೋಸ್ಕೋಪಿ ಬೇಕೇ ಬೇಕು. ಹಾಗಿದ್ದ ಮೇಲೆ ಒಂದೇ ಅರಿವಳಿಕೆಯಲ್ಲಿ ಪಿತ್ತಕೋಶವನ್ನೂ ತೆಗೆದು, ಹಳೇ ಹೊಟ್ಟೆಯ ಮೂಲಕ ಇಆರ್‌ಸಿಪಿಯನ್ನೂ ಮಾಡಬಹುದಾ ಅಂತ ಕೇಳಿ. ಕೆಲವು ಸರ್ಜನ್ನರು ಇಆರ್‌ಸಿಪಿ ಇಲ್ಲದೆ, ಲ್ಯಾಪ್ರೋಸ್ಕೋಪಿಯಲ್ಲೇ ಪಿತ್ತನಾಳದೊಳಗೆ ಹೋಗಿ ಕಲ್ಲು ತೆಗೆಯುತ್ತಾರೆ. ನಿಮಗೆ ಹೇಳಿದ ಮೂರು ದಾರಿಯಲ್ಲಿ ಇದು ಇರಲಿಲ್ಲ. ಅದನ್ನೂ ಕೇಳಿ. ಪಿತ್ತಕೋಶ ಮೊದಲೇ ತೆಗೆದಿದ್ದು, ಪದೇ ಪದೇ ಒಳಗೆ ಹೋಗಬೇಕಾದ ಪರಿಸ್ಥಿತಿ ಇದ್ದಿದ್ದರೆ ನಾನು ಎಡ್ಜ್ ಬಗ್ಗೆ ಜಾಸ್ತಿ ಹೇಳುತ್ತಿದ್ದೆ. ಆ ಬಾಗಿಲಲ್ಲಿ ಮತ್ತೆ ಮತ್ತೆ ಹೋಗಿ ಬರಬಹುದು ಅನ್ನುವುದೇ ಅದರ ಅನುಕೂಲ.

ಯಾವ ದಾರಿಯಾದರೂ, ಈ ಕೆಲಸವನ್ನು ಆಗಾಗ ಮಾಡುವ ತಂಡ ಇರುವ ಕಡೆಯೇ ಮಾಡಿಸಿ. "ಇಂಥ ಕೇಸ್ ನೀವು ಮಾಡುತ್ತೀರಾ, ಆಗದಿದ್ದರೆ ಅದೇ ದಿನ ಮುಂದಿನ ಯೋಜನೆ ಏನು" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೇ ಡಾಕ್ಟರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಾವ ಮಾತ್ರೆ, ಯಾತಕ್ಕೆ ಕೊಟ್ಟಿದ್ದಾರೆ ಅನ್ನುವುದನ್ನು ನೋಡಿ ಡಾಕ್ಟರೇ ಹೇಳಬೇಕು. ಮಾತ್ರೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಎಷ್ಟು ದಿನ ಮೊದಲು, ಮತ್ತೆ ಯಾವಾಗ ಶುರು ಅಂತ ಬರೆಸಿಕೊಳ್ಳಿ. ಇನ್ನೊಂದು, ಬೈಪಾಸ್ ಆದವರು ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗಬಾರದು. ಚಿಕ್ಕ ಚೀಲ ಮತ್ತು ಕರುಳು ಸೇರುವ ಜಾಗದಲ್ಲಿ ಹುಣ್ಣಾಗಬಹುದು. ಇಆರ್‌ಸಿಪಿ ದಿನ ಡಾಕ್ಟರೇ ಅದೇ ಜಾತಿಯ ಔಷಧಿಯನ್ನು ಗುದದ್ವಾರದಲ್ಲಿ ಒಂದು ಸಲ ಇಡಬಹುದು, ಪ್ಯಾಂಕ್ರಿಯಾಸ್ ಊತ ತಡೆಯಲು. ಅದು ಬೇರೆ ಲೆಕ್ಕ, ನೋಡಿ ಗಾಬರಿಯಾಗಬೇಡಿ.

ಮನೆಗೆ ಬಂದ ಮೇಲೆ ಬೆನ್ನಿಗೆ ಹೊಡೆಯುವಂಥ ಹೊಟ್ಟೆ ನೋವು, ನಿಲ್ಲದ ವಾಂತಿ, ಜ್ವರ, ಕಪ್ಪು ಮಲ, ಇದರಲ್ಲಿ ಒಂದಿದ್ದರೂ ವಾಪಸ್ ಹೋಗಿ. ಪಿತ್ತನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಬಿಟ್ಟಿದ್ದಾರಾ ಅಂತ ಡಿಸ್ಚಾರ್ಜ್ ಆಗುವ ಮುಂಚೆಯೇ ಕೇಳಿ. ಬಿಟ್ಟಿದ್ದರೆ ತೆಗೆಯುವ ತಾರೀಖು ಕಾಗದದ ಮೇಲೆ ಇರಬೇಕು. ಮರೆತರೆ ಕೆಲವು ತಿಂಗಳಲ್ಲಿ ಕಟ್ಟಿಕೊಂಡು ಮತ್ತೆ ಜಾಂಡೀಸ್ ಬರಬಹುದು. ನಿಮ್ಮ ಅಮ್ಮನ ವಿಷಯದಲ್ಲಂತೂ ಅದನ್ನು ತೆಗೆಯಲು ಮತ್ತೆ ಅಷ್ಟು ದೂರ ಹೋಗಬೇಕು, ಹಾಗಾಗಿ ಸ್ಟೆಂಟ್ ಇಡುವ ಮುಂಚೆಯೇ ತೆಗೆಯುವುದು ಹೇಗೆ ಅಂತ ಅವರು ಯೋಚಿಸಿರಬೇಕು.

ಹಿರಿಮಗಳು ಬರೆದಿದ್ದಾರೆ:

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ ಸಿಸ್ಟರ್. "ನನ್ನ ಕರುಳು ಅಷ್ಟುದ್ದ ಇದೆ ಅಂತ ಅವರಿಗೆ ಮೊದಲೇ ಗೊತ್ತಿದ್ದಿದ್ದರೆ ಆ ದಿನ ಹಾಕುತ್ತಲೇ ಇರಲಿಲ್ಲವಲ್ಲ" ಅಂದರು. ಪೂರ್ತಿ ಅರಿವಳಿಕೆ ಕೊಡುವುದಾದರೆ ಒಪ್ಪಿಕೊಳ್ಳುತ್ತೇನೆ ಅಂತಲೂ ಅಂದರು. ಸೋಮವಾರ ಸರ್ಜನ್ ಮತ್ತು ಎಂಡೋಸ್ಕೋಪಿ ಡಾಕ್ಟರ್ ಇಬ್ಬರೂ ಒಟ್ಟಿಗೆ ಸಿಗುತ್ತಾರಂತೆ. ನೋಟ್, ಹಳೇ ರಿಪೋರ್ಟ್, ಎಂಆರ್‌ಸಿಪಿ ಸಿಡಿ, ಮಾತ್ರೆ ಪಟ್ಟಿ ಎಲ್ಲ ಒಂದು ಫೈಲಿಗೆ ಹಾಕಿಟ್ಟಿದ್ದೇನೆ. ಪಿತ್ತಕೋಶದ ಪ್ರಶ್ನೆಯನ್ನೇ ಮೊದಲು ಕೇಳುತ್ತೇನೆ.